ಆರನೆಯ ನಾಟಕ ಯಾರಿಗೆ?

ತೊಂಬತ್ತರ ದಶಕದಲ್ಲಿ ದೋಹಾದ ನಮ್ಮ ಕನ್ನಡ ಸಂಘಕ್ಕೆ ಇದ್ದದ್ದು ಒಬ್ಬರೇ ನಿರ್ದೇಶಕರು. ಮೈಸೂರಿನವರು, ದೊಡ್ಡ ಕಂಪನಿಯೊಂದರಲ್ಲಿ ಮ್ಯಾನೇಜರು, ಅಬು ಹಮೂರ್ ಬಡಾವಣೆಯಲ್ಲಿ ಸ್ವಂತ ಗೇಟಿನ ವಿಲ್ಲಾ. ನಾವೆಲ್ಲ ಅವರನ್ನು ಸಾಹೇಬರು ಅನ್ನುತ್ತಿದ್ದೆವು. ರಾಜ್ಯೋತ್ಸವಕ್ಕೆ ವರ್ಷಕ್ಕೊಂದು ನಾಟಕ ಆಗಬೇಕು, ಅದನ್ನು ಅವರೇ ಮಾಡಿಸಬೇಕು. ಐದು ವರ್ಷ ಐದು ನಾಟಕ ಮಾಡಿಸಿದರು. ಐದೂ ನೆಲ ಕಚ್ಚಿದವು.

ಉತ್ಪ್ರೇಕ್ಷೆ ಮಾಡುತ್ತಿಲ್ಲ, ಐದಕ್ಕೂ ನಾನೇ ಪ್ರಾಂಪ್ಟರ್. ಪರದೆಯ ಪಕ್ಕ ಸ್ಟೂಲ್ ಮೇಲೆ ಕೂತು ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಕೆಲಸ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಒಂದು ವರ್ಷ ರಾಜನ ಕಿರೀಟ ಮುಂದಿನ ಸಾಲಿನಲ್ಲಿ ಕೂತಿದ್ದ ಅತಿಥಿಗಳ ತೊಡೆಯ ಮೇಲೆ ಬಿತ್ತು, ಅವರು ಪಾಪ ಎದ್ದು ನಿಂತು ಎರಡೂ ಕೈಯಲ್ಲಿ ವಾಪಸ್ ಕೊಟ್ಟರು. ಇನ್ನೊಂದು ವರ್ಷ ರಾಜ ಸತ್ತ ಮೇಲೆ ಪರದೆಯ ಹಗ್ಗ ಸಿಕ್ಕಿಕೊಂಡಿತು. ಸತ್ತವನು ಐದು ನಿಮಿಷ ಹಾಗೇ ಮಲಗಿದ್ದು, ಕೊನೆಗೆ ಬೇಜಾರಾಗಿ ಎದ್ದು, ಪಂಚೆ ಕೊಡವಿಕೊಂಡು ಒಳಗೆ ನಡೆದ. ಇಡೀ ನಾಟಕಕ್ಕೆ ಬಿದ್ದ ಚಪ್ಪಾಳೆ ಅದೊಂದೇ. ಸಾಹೇಬರು ಮಾತ್ರ ಜಗ್ಗುವವರಲ್ಲ. “ನಮ್ಮ ಜನಕ್ಕೆ ಇನ್ನೂ ಟೈಮ್ ಬೇಕು ಕಣ್ರೀ. ಇದು ಮುಂದಿನ ಕಾಲದ ನಾಟಕ,” ಅನ್ನುವರು. ಮರುವರ್ಷ ಮತ್ತೆ ಅವರೇ.

ಒಳ್ಳೆಯ ಮನುಷ್ಯ, ಆ ಮಾತು ಬೇರೆ. ಶುಕ್ರವಾರ ರಜೆ. ಮಧ್ಯಾಹ್ನ ರಿಹರ್ಸಲ್ ಮುಗಿದ ಮೇಲೆ ಅವರ ಹಾಲ್‌ನಲ್ಲಿ ನಮಗೆಲ್ಲ ಹಾಲಿವುಡ್ ಸಿನಿಮಾ. ಕ್ಯಾಸೆಟ್ ಅಂಗಡಿಯಿಂದ ಬಾಡಿಗೆಗೆ ತಂದದ್ದು, ಕೆಳಗೆ ಅರಬ್ಬಿ ಅಕ್ಷರ, ನಾಯಕ ನಾಯಕಿ ಹತ್ತಿರ ಬಂದರು ಅನ್ನುವಷ್ಟರಲ್ಲಿ ಚಿತ್ರ ಒಮ್ಮೆಲೇ ಜಿಗಿದು ಅವರಿಬ್ಬರೂ ಕಾರಿನಲ್ಲಿ ಕೂತಿರುತ್ತಿದ್ದರು. ಸಾಹೇಬರಿಗೆ ಒಬ್ಬ ಅಮೆರಿಕದ ನಿರ್ದೇಶಕನೆಂದರೆ ಪ್ರಾಣ. ಅವನ ಮೂರು ಸಿನಿಮಾ ಸಾಲಾಗಿ ಮಕಾಡೆ ಮಲಗಿದ್ದವು. ಒಂದು ಶುಕ್ರವಾರ ನಾವು ನೋಡಿದ್ದು ಅವುಗಳಲ್ಲಿ ಮೂರನೆಯದನ್ನು. ಅವನಿಗೆ ನಾಲ್ಕನೆಯದು ಸಿಕ್ಕಿದೆ, ಮೊದಲ ಮೂರಕ್ಕಿಂತ ದೊಡ್ಡದು ಎಂದು ಅವರು ಇಂಗ್ಲಿಷ್ ಪತ್ರಿಕೆ ಓದಿ ಹೇಳಿದರು.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಹುಬ್ಬಳ್ಳಿಯದು. “ಮೂರು ಕೆಡಿಸಿದವ್ಗ ನಾಕನೇದ್ದು ಯಾರ್ ಕೊಟ್ರು ಸಾಹೇಬ್ರ? ಅವ್ರಪ್ಪ ಯಾರು?” ಅಂದೆ.

“ಅಪ್ಪ ಯಾರಾದ್ರೇನ್ರೀ? ಪ್ರತಿಭೆ ಇಲ್ದೆ ಅಷ್ಟು ದುಡ್ಡು ಯಾರಾದ್ರೂ ಹಾಕ್ತಾರಾ? ಈ ಸಿನಿಮಾನೂ ಚೆನ್ನಾಗೇ ಇತ್ತು, ಇಲ್ಲಿ ಸೆನ್ಸಾರ್‌ನೋರು ಕತ್ತರಿ ಹಾಕಿದಾರೆ, ಅಷ್ಟೇ.”

“ಅಮೇರಿಕಾದಾಗ ಕತ್ತರಿ ಇರ್ಲಿಲ್ಲಲ್ರೀ, ಅಲ್ಲೂ ಬಿತ್ತಲ್ಲ!”

ಎಲ್ಲ ನಕ್ಕರು. ಸಾಹೇಬರೂ ನಕ್ಕರು. ನಮ್ಮ ಯಜಮಾನರು, ಗ್ಯಾಸ್ ಕಂಪನಿಯ ಆಫೀಸಿನಲ್ಲಿ ಇದ್ದವರು, ನನ್ನ ಸೆರಗು ಎಳೆದು “ಸುಮ್ಮ ಕೂಡ್, ಅವ್ರ ಮನ್ಯಾಗ ಕುಂತೀವಿ” ಅಂದರು. ಹಿಂದಿನಿಂದ ಇನ್ನೊಂದು ದನಿ ಬಂತು: “ಅಕ್ಕಾರ ಖರೇ ಕೇಳ್ಯಾರ. ಮೊದಲನೇದ್ದು ಪ್ರತಿಭೆಗೆ ಸಿಕ್ಕಿರಬೌದು. ಎರಡನೇದ್ದು ಯಾವುದಕ್ಕ ಸಿಕ್ತು ಅನ್ನೂದ ಪ್ರಶ್ನೆ.”

ಹೇಳಿದವರು ಗದಗಿನ ಕಡೆಯ ಕ್ರೇನ್ ಆಪರೇಟರು. ದೋಹಾದ ಹೊರಗೆ, ಲೇಬರ್ ಕ್ಯಾಂಪಿನಲ್ಲಿ ಒಂದು ಕೋಣೆಗೆ ಎಂಟು ಜನ ಇರುತ್ತಿದ್ದರು. ಹುಡುಗನಾಗಿದ್ದಾಗಿನಿಂದ ನಾಟಕ ಕಂಪನಿಗಳ ಹಿಂದೆ ಅಲೆದವರು, ವಯಸ್ಸು ನಲವತ್ತರ ಹತ್ತಿರ. ಐದು ನಾಟಕದಲ್ಲೂ ಅವರಿಗೆ ಸೇವಕನ ಪಾತ್ರವೇ, “ಅಪ್ಪಣೆ ಪ್ರಭು” ಅನ್ನುವುದು ಬಿಟ್ಟರೆ ಮಾತಿಲ್ಲ. ಆ ಎರಡು ಪದವನ್ನು ಅವರು ಹೇಳುವ ರೀತಿಗೆ ಮಾತ್ರ ನಾನು ಪುಸ್ತಕದಿಂದ ತಲೆ ಎತ್ತಿ ನೋಡುತ್ತಿದ್ದೆ.

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆರನೆಯ ನಾಟಕಕ್ಕೆ ಸಂಘದ ಮೀಟಿಂಗ್ ಬಂದಾಗ ಒಮ್ಮೆಲೇ ಬೆಳಕಾಯಿತು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ನಾಟಕದ ಮಾತು ಬಂದರೆ ಅಧ್ಯಕ್ಷರು ಮೊದಲು ಕೇಳುವುದು, ರಿಹರ್ಸಲ್ ಎಲ್ಲಿ? ಸಾಹೇಬರ ವಿಲ್ಲಾದಲ್ಲಿ. ತಿಂಡಿ? ಸಾಹೇಬರ ಮನೆಯವರು ಬಿಸಿಬೇಳೆಬಾತ್ ಮಾಡುತ್ತಾರೆ. ಕ್ಯಾಂಪಿನವರನ್ನು ಕರೆತರುವ ವ್ಯಾನು? ಸಾಹೇಬರ ಕಂಪನಿಯದು. ಕೊನೆಗೆ, ಎಲ್ಲರೂ ಚಹಾಕ್ಕೆ ಏಳುವ ಹೊತ್ತಿಗೆ, “ನಿರ್ದೇಶನ?” ಅಷ್ಟು ಹೊತ್ತಿಗೆ ಬೇರೆ ಹೆಸರು ಹೇಳುವುದಕ್ಕೆ ಯಾರಿಗಾದರೂ ಮುಖ ಇರುತ್ತದೆಯೇ? ಅವರ ಸೋಫಾ ಮೇಲೆ ಕೂತು, ಅವರ ಬಾತ್ ತಿಂದು, ಅವರ ವ್ಯಾನಿನಲ್ಲಿ ವಾಪಸ್ ಹೋಗುವುದು!

ನಾನು ಎದ್ದು ನಿಂತೆ. “ಈ ಸಲ ಕಡೀ ಪ್ರಶ್ನಿ ಮೊದಲ ಕೇಳ್ರಿ.”

ಅಧ್ಯಕ್ಷರು ಕನ್ನಡಕ ತೆಗೆದರು, ಹಾಕಿಕೊಂಡರು. “ಸರಿ, ನಿರ್ದೇಶನ ಯಾರು?” ಅಂದರು. ಎಲ್ಲರೂ ಸಾಹೇಬರ ಕಡೆ ತಿರುಗಿದರು. ಆಗ ಕ್ರೇನಿನವರು ಕೈ ಎತ್ತಿ “ಅಕ್ಕಾರು ಮಾಡ್ಲಿ. ಐದು ನಾಟಕ ಬಾಯಿಪಾಠ ಐತಿ ಅವ್ರಿಗೆ” ಅಂದರು. ಯಾರೂ ಬೇಡ ಅನ್ನಲಿಲ್ಲ, ಅನ್ನಲು ಕಾರಣ ಸಿಗಲಿಲ್ಲ. ಖಲಾಸ್, ನಾನು ನಿರ್ದೇಶಕಿ!

ಅವತ್ತು ಮನೆಗೆ ಹೋಗುವಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರಿನಲ್ಲಿ ಕೂತು ಸಿಗ್ನಲ್ ಸಿಗ್ನಲ್‌ಗೂ ನಕ್ಕೆ. ಯಜಮಾನರು ಒಂದೇ ಮಾತು ಕೇಳಿದರು: “ರಿಹರ್ಸಲ್ ಎಲ್ಲೇ?”

ನಮ್ಮದು ಎರಡು ಕೋಣೆಯ ಫ್ಲ್ಯಾಟು. ಶುಕ್ರವಾರ ಬೆಳಗಾದರೆ ಸೋಫಾ, ಟೀಪಾಯಿ, ಟಿವಿ ಎಲ್ಲ ಹೊರಗೆ ಲಿಫ್ಟಿನ ಎದುರು. ಎದುರು ಮನೆಯ ಮಲಯಾಳಿ ಅಮ್ಮ ನಾವು ಮನೆ ಖಾಲಿ ಮಾಡುತ್ತಿದ್ದೇವೆಂದು ತಿಳಿದು ಎರಡು ಸಲ ಕಣ್ಣೀರು ಹಾಕಿದರು. ಮೂರನೆಯ ಸಲ ಹೊರಗಿನ ಸೋಫಾದಲ್ಲೇ ಕೂತು ನಾಟಕ ನೋಡಿದರು. ಕ್ಯಾಂಪಿಗೆ ಯಜಮಾನರು ನಮ್ಮ ಹಳೆಯ ಕಾರಿನಲ್ಲಿ ಎರಡು ಟ್ರಿಪ್ ಹೊಡೆದು, ಬೇಗ ಬೇಗ ಅನ್ನುವುದಕ್ಕೆ ಅರಬ್ಬಿಯಲ್ಲಿ “ಯಲ್ಲಾ ಯಲ್ಲಾ” ಎಂದು ಕೂಗಿ ನಟರನ್ನು ತುಂಬಿಕೊಂಡು ಬರುವರು. ನಾನು ಸಾಲಾಗಿ ಚಪಾತಿ ಲಟ್ಟಿಸುತ್ತ ಅಡುಗೆಮನೆಯಿಂದಲೇ ನಿರ್ದೇಶನ ಮಾಡುವೆನು. ಲಟ್ಟಣಿಗೆ ಮೇಲೆತ್ತಿದರೆ ಬಲಕ್ಕೆ ಸರಿಯಬೇಕು, ಕೆಳಗಿಳಿಸಿದರೆ ಅಳಬೇಕು. ಅಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ, ಮದುವೆಯಲ್ಲೂ.

ನಾಟಕ ನಮ್ಮ ಕಡೆಯ ಒಂದು ಮನೆಯ ಕಥೆ. ಗಂಡನ ಮನೆ ಬಿಟ್ಟು ಬಂದ ಮಗಳನ್ನು ವಾಪಸ್ ಕಳಿಸುವುದಿಲ್ಲ ಎಂದು ಅಪ್ಪ ಹಟ ಹಿಡಿಯುತ್ತಾನೆ. ನಾನೇ ಬರೆದದ್ದು. ತಪ್ಪು ಮಾಡಿದ್ದೂ ನಾನೇ. ಐದು ವರ್ಷ ಸಾಹೇಬರ ಗ್ರಂಥದ ಕನ್ನಡ ಕೇಳಿ ಕಿವಿ ತೂತಾಗಿದ್ದಕ್ಕೆ, ಈ ಸಲ ಎಲ್ಲರೂ ನಮ್ಮ ಹುಬ್ಬಳ್ಳಿ ಮಾತೇ ಆಡಬೇಕು ಎಂದು ಆಜ್ಞೆ ಮಾಡಿದೆ. ನಟರು ಯಾರು? ಅಪ್ಪ ಮಂಗಳೂರಿನವರು, ಮನೆಯಲ್ಲಿ ತುಳು. ಮಗಳು ಉಡುಪಿಯ ಕಡೆಯವಳು, ಮನೆಯಲ್ಲಿ ಕೊಂಕಣಿ. ಅಳಿಯ ಬೆಂಗಳೂರು.

“ಈ ‘ಹೋಗಾಕತ್ತೀನಿ’ ನನ್ನ ಬಾಯಲ್ಲಿ ತಿರುಗುದೇ ಇಲ್ಲ ಮಾರಾಯ್ರೆ,” ಎಂದು ಅಪ್ಪ ಗೋಗರೆದರು.

“ತಿರುಗ್ತೈತಿ, ತಿರುಗಸ್ರಿ,” ಅಂದೆ.

ಕ್ರೇನಿನವರು ಚಪಾತಿ ತಟ್ಟೆ ಹಿಡಿದು ಅಡುಗೆಮನೆಗೆ ಬಂದರು. ಮೆಲ್ಲಗೆ ಹೇಳಿದರು: “ಅಕ್ಕಾರ, ಅವರ ಬಾಯಾಗ ನಮ್ಮ ಮಾತು ತುರುಕಬ್ಯಾಡ್ರಿ. ಅವರವರ ಮನೀ ಮಾತು ಅವರು ಆಡ್ಲಿ. ಒಂದ ಮನ್ಯಾಗ ನಾಕ ಥರ ಕನ್ನಡ ಇದ್ರ ಏನಾತು? ಇಲ್ಲೆ ಹಂಗ ಅದೀವಲ್ಲ.”

“ನೀವು ಆಳಿನ ಪಾರ್ಟ್ ನೋಡ್ಕೋರಿ ಅಣ್ಣಾರ,” ಅಂದುಬಿಟ್ಟೆ. ಹೌದು, ನಾನೂ ಅವರಿಗೆ ಆಳಿನ ಪಾರ್ಟೇ ಕೊಟ್ಟಿದ್ದೆ.

ನಾಟಕದ ದಿನ ಶಾಲೆಯ ಹಾಲ್ ತುಂಬಿತ್ತು. ಮಗಳು ಅಳುತ್ತ ಬಾಗಿಲಲ್ಲಿ ಕೂತಿದ್ದಾಳೆ. ಅಪ್ಪ ಬರುತ್ತಾರೆ, ಎದೆ ಒಡೆಯುವಂಥ ದೃಶ್ಯ. ಮಂಗಳೂರಿನ ಅಪ್ಪ ಉಸಿರು ಎಳೆದುಕೊಂಡು, ಹಗ್ಗದ ಮೇಲೆ ನಡೆಯುವವರ ಹಾಗೆ ಒಂದೊಂದೇ ಪದ ಇಟ್ಟು, “ಯಾಕ... ಮಗಳ... ಹಿಂಗ್ಯಾಕ ಮಾರಿ ಬಾಡಿಸ್ಕೊಂಡು ಕುಂತೀ... ಮಾರಾಯ್ತಿ?” ಅಂದರು.

ಮುಗಿಯಿತು. ಮೊದಲ ನಗು ಮಂಗಳೂರಿನವರ ಸಾಲಿನಿಂದ. ಆಮೇಲೆ ಹುಬ್ಬಳ್ಳಿಯವರು. ಮಗಳು ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿದಳು, ಭುಜ ಕುಣಿಯುತ್ತಿತ್ತು. ಅಪ್ಪ ಗಾಬರಿಬಿದ್ದು ಅರ್ಧ ತುಳುವಿಗೆ ಹೋದರು. ಅಳಿಯ ಬಂದು ಕಾಲಿಗೆ ಬಿದ್ದರೂ ಜನ ನಕ್ಕರು. ಕೊನೆಯಲ್ಲಿ ಅಪ್ಪ ಸತ್ತಾಗ ಒಬ್ಬರು ಶಿಳ್ಳೆ ಹೊಡೆದರು. ಪರದೆಯ ಪಕ್ಕ ನಿಂತು ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತೆ. ಎಲ್ಲಿ ಕೆಟ್ಟಿತೆಂದು ನನಗೆ ಈಗ ಗೊತ್ತಿತ್ತು. ಇನ್ನೊಂದು ಸಲ ಸಿಕ್ಕರೆ ಸರಿ ಮಾಡಬಲ್ಲೆ. ಆ ಇನ್ನೊಂದು ಸಲ ಬೇಕು ಅನ್ನುವ ಹಸಿವು ಎಂಥದೆಂದು ಅವತ್ತು ಗೊತ್ತಾಯಿತು.

ಮರುವರ್ಷದ ಮೀಟಿಂಗಿನಲ್ಲಿ ಅಧ್ಯಕ್ಷರು ಮತ್ತೆ ರಿಹರ್ಸಲ್ ಜಾಗದಿಂದಲೇ ಶುರು ಮಾಡಿದರು. ನನ್ನ ಮಾತು ಬಂದಾಗ ಒಬ್ಬರು “ಪಾಪ, ಟ್ರೈ ಮಾಡಿದ್ರು. ಹೆಂಗಸರಿಗೆ ಮನೆ ಕೆಲಸಾನೂ ಇರುತ್ತಲ್ಲ” ಅಂದರು. ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಎದ್ದರು.

“ಸ್ವಾಮಿ, ನನ್ನ ಐದು ನಾಟಕ ಬಿದ್ದಾಗ ಯಾರಾದ್ರೂ ಪಾಪ ಅಂದ್ರಾ? ಅನುಭವ ಅಂದ್ರಿ. ಅವರಿಗೂ ಆಗಿರೋದು ಅನುಭವಾನೇ. ಈ ವರ್ಷಾನೂ ಅವರೇ ಮಾಡ್ಲಿ. ಹಾಲ್ ನನ್ನದು, ಬಾತ್ ನಮ್ಮನೆಯವರದು.”

ಚಪ್ಪಾಳೆ ಬಿತ್ತು. ನನಗೆ ಕುಣಿಯುವಷ್ಟು ಸಂತೋಷ, ಜೊತೆಗೆ ಒಳಗೊಳಗೇ ಸಿಟ್ಟು. ನನ್ನ ಎರಡನೆಯ ಅವಕಾಶ ಬರಲು ವಿಲ್ಲಾ ಇದ್ದವರ ಬಾಯೇ ಬೇಕಾಯಿತಲ್ಲ! ಆದರೂ ಬಿಡುತ್ತೇನೆಯೇ? ಅದೇ ನಾಟಕ ಮಾಡಿಸಿದೆ, ಈ ಸಲ ಎಲ್ಲರೂ ಅವರವರ ಮನೆಯ ಕನ್ನಡದಲ್ಲೇ. ಮಂಗಳೂರಿನ ಅಪ್ಪ “ಎಂತಕ್ಕೆ ಮಗಾ ಅಳುದು?” ಅಂದಾಗ ಹಾಲ್‌ನಲ್ಲಿ ಒಬ್ಬರೂ ಅಲುಗಲಿಲ್ಲ. ಮೂಗು ಒರೆಸುವ ಸದ್ದು ಮಾತ್ರ ಕೇಳಿತು. ನಾಟಕ ಮುಗಿದ ಮೇಲೆ ನನ್ನನ್ನು ಎಲ್ಲರೂ ಮುತ್ತಿಕೊಂಡರು, ಎಂಥ ಐಡಿಯಾ ಅಂದರು. ಐಡಿಯಾ ಯಾರದೆಂದು ಹೇಳಬೇಕು ಅಂದುಕೊಂಡೆ. ಫೋಟೋ, ಹೂಗುಚ್ಛ, ಗಲಾಟೆ. ಹೇಳಲಿಲ್ಲ.

ಅದರ ಮರುವರ್ಷ ಅಧ್ಯಕ್ಷರು ಕೇಳುವ ಮೊದಲೇ ನಾನು ಕೈ ಎತ್ತಿದ್ದೆ. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ. ಕ್ರೇನಿನವರು. “ನಾ ಒಂದು ಮಾಡಸ್ತೀನ್ರಿ,” ಅಂದರು.

“ಅಣ್ಣಾರ, ನಿಮಗ ಶಿಫ್ಟ್ ಇರ್ತೈತಿ. ರಿಹರ್ಸಲ್ ಎಲ್ಲಿ ಮಾಡಸ್ತೀರಿ, ಕ್ಯಾಂಪಿನಾಗ? ನನಗ ಅನುಭವ ಐತಿ...” ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು ನನ್ನ ಬಾಯಿಂದ! ಸಾಹೇಬರು ನನ್ನ ಕಡೆ ತಿರುಗಿ ಹುಬ್ಬೇರಿಸಿದರು, ಅಷ್ಟೇ.

ಕ್ರೇನಿನವರಿಗೆ ಸಿಟ್ಟು ಬರಲಿಲ್ಲ. ನಕ್ಕರು. “ಅಕ್ಕಾರ, ಸಾಹೇಬ್ರು ಐದು ಕೆಡಿಸ್ಯಾರ. ನೀವೂ ಒಂದು ಕೆಡಿಸೀರಿ. ನನಗೂ ಒಮ್ಮೆ ಕೆಡಸಾಕ ಕೊಡ್ರಿ.”

ಹಾಲ್ ತುಂಬ ನಗು. ಸಾಹೇಬರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಕಿವಿ ಬಿಸಿಯಾಯಿತು, ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಅವರ ಮಾಡಸ್ಲಿ,” ಅಂದೆ. ವ್ಯಾನು ಸಾಹೇಬರದು, ಹಾಲ್ ಅವರದೇ, ಚಪಾತಿ ನನ್ನದು.

ಅವರು ಕೆಡಿಸಿದರು, ಹೇಳಿದ ಹಾಗೇ. ಪಾತ್ರ ಹೆಚ್ಚಾದವು, ಹಾಡು ಹೆಚ್ಚಾದವು, ನಾಟಕ ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಕ್ಯಾಂಪಿನ ವ್ಯಾನು ಹೊರಡುವ ಹೊತ್ತಾಯಿತೆಂದು ಕೊನೆಯ ದೃಶ್ಯವನ್ನೇ ಬಿಟ್ಟರು. ಆದರೆ ಒಂದು ದೃಶ್ಯ ಇತ್ತು, ನಡುವೆ. ಒಬ್ಬ ಆಳು ತನ್ನ ಧಣಿಯ ಖಾಲಿ ಕುರ್ಚಿಯ ಜೊತೆ ಜಗಳ ಆಡುವುದು. ಅದನ್ನು ನೋಡುತ್ತ ನಾನು ಉಸಿರಾಡುವುದನ್ನು ಮರೆತಿದ್ದೆ. ಹೊರಗೆ ಬಂದಾಗ ಅವರು ನನ್ನ ಹತ್ತಿರ ಓಡಿ ಬಂದು, “ಅಕ್ಕಾರ, ಎಲ್ಲಿ ಕೆಟ್ಟತು ಗೊತ್ತಾತು! ಮುಂದಿನ ಸಲ ನೋಡ್ರಿ!” ಅಂದರು. ಮುಖ ಹೇಗೆ ಹೊಳೆಯುತ್ತಿತ್ತು ಅಂದರೆ, ಆ ಸಂತೋಷ ನನ್ನದೇ ಅನ್ನಿಸಿತು.

ಮುಂದಿನ ಮೀಟಿಂಗಿನಲ್ಲಿ ನಾನೇ ಮೊದಲು ಎದ್ದು ನಿಂತು, ಈ ವರ್ಷವೂ ಅವರಿಗೇ ಕೊಡಿ ಅಂದೆ. ಸಾಹೇಬರು ಹೌದು ಹೌದು ಅಂದರು. ಹಿಂದಿನ ಸಾಲಿನಲ್ಲಿ ಅವರನ್ನು ಹುಡುಕಿದೆ. ಕ್ಯಾಂಪಿನಿಂದ ಬಂದಿದ್ದ ಒಬ್ಬರು ಎದ್ದು, ಸೈಟ್ ಕೆಲಸ ಮುಗಿಯಿತೆಂದು ಕಂಪನಿ ಅವರ ವೀಸಾ ಕ್ಯಾನ್ಸಲ್ ಮಾಡಿ ಎರಡು ತಿಂಗಳ ಹಿಂದೆಯೇ ಊರಿಗೆ ಕಳಿಸಿತು ಅಂದರು.