ಹೊಳೆವ್ವ ನಡೆದ ಹೆಜ್ಜೆ

ಹೊಳೆವ್ವ ಬೆಳಿಗ್ಗೆ ಸ್ನಾನವಾದ ಮೇಲೆ ಹಣೆಗೆ ವಿಭೂತಿ ಹಚ್ಚುತ್ತಾಳೆ. ಬೆರಳಲ್ಲಿ ಉಳಿದದ್ದನ್ನು ಎರಡೂ ಮೊಣಕಾಲಿಗೆ ಸವರಿ, "ಶಿವನ, ಸಂಜೀತನಕ ಇವನ್ನ ನೀನ ನೋಡ್ಕೋ" ಎಂದು ಹೇಳಿಯೇ ಹೊಸಿಲು ದಾಟುವುದು. ಜ್ವರ ಬಂದ ದಿನವೂ ಇದನ್ನು ಬಿಟ್ಟವಳಲ್ಲ.

ಕುಷ್ಟಗಿ ಕಡೆಯ ಹೆಂಗಸು. ಚಿಕ್ಕಬಾಣಾವರದ ವಠಾರಕ್ಕೆ ಬಂದು ಆರು ವರ್ಷವಾಗಿತ್ತು. ಹನ್ನೆರಡು ಮನೆಗೆ ಒಂದೇ ನಲ್ಲಿ, ನೀರು ಬರುವುದು ಬೆಳಗಿನ ಜಾವ ಮೂರಕ್ಕೆ. ಕೊಡ ತುಂಬಿ, ರೊಟ್ಟಿ ಬಡಿದು, ಏಳಕ್ಕೆಲ್ಲ ಅವಳು ಪೀಣ್ಯದ ಪಂಪಿನ ಕಾರ್ಖಾನೆಯಲ್ಲಿ ಪೊರಕೆ ಹಿಡಿದಿರಬೇಕು. ಎರಡು ಶೆಡ್ಡು, ಮೂರು ಮಹಡಿಯ ಆಫೀಸು, ಅಷ್ಟನ್ನೂ ದಿನಕ್ಕೆರಡು ಸಲ ಗುಡಿಸಿ ಒರೆಸಬೇಕು.

೨೦೧೭ರಲ್ಲಿ ಕಂಪನಿಯು ಆಫೀಸಿನವರಿಗೆಲ್ಲ ಕೈಗೆ ಕಟ್ಟುವ ಕರಿ ಬ್ಯಾಂಡು ಹಂಚಿತು. ನಡೆದ ಹೆಜ್ಜೆಯನ್ನೂ ಮಲಗಿದ ಹೊತ್ತನ್ನೂ ಅದು ಎಣಿಸುತ್ತದಂತೆ. ಇಪ್ಪತ್ತೊಂದು ದಿನ ಹಗಲೂ ರಾತ್ರಿ ಕಟ್ಟಿಕೊಂಡು, ಎಲ್ಲರಿಗಿಂತ ಹೆಚ್ಚು ನಡೆದವರಿಗೆ ಬಹುಮಾನ. ಗುಡಿಸುವವರಿಗೆ ಬ್ಯಾಂಡಿಲ್ಲ. ಅವರು ನಡೆಯುವುದನ್ನು ಎಣಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಖರೀದಿ ವಿಭಾಗದ ಮುರಳಿಗೆ ಮಾತ್ರ ಹೊಳೆಯಿತು. ಕುರ್ಚಿ ಬಿಟ್ಟೇಳದ ಮನುಷ್ಯ. "ಅಕ್ಕ, ಇದು ಸರಿಯಾಗಿ ಓಡುತ್ತಾ ನೋಡ್ಬೇಕು. ಸ್ವಲ್ಪ ದಿನ ನೀವೇ ಹಾಕ್ಕೊಂಡಿರಿ, ಮಲಗುವಾಗ್ಲೂ ಬಿಚ್ಬೇಡಿ" ಎಂದ.

"ಅದಕ್ಕೇನ್ರೀ ಸಾಹೇಬ್ರ" ಎಂದು ಹೊಳೆವ್ವ ಅದನ್ನು ಬಳೆಗಳ ಹಿಂದೆ ಕಟ್ಟಿಕೊಂಡಳು. ದಿನಾ ಮಧ್ಯಾಹ್ನ ಅವನು ಅವಳ ಕೈಯ ಪಕ್ಕ ತನ್ನ ಫೋನು ಹಿಡಿದು ಏನನ್ನೋ ನೋಡಿ ನಗುತ್ತಿದ್ದ. ನಂಬಿದ ಜೀವ, ಯಾಕೆಂದು ಕೇಳಲಿಲ್ಲ.

ಇಪ್ಪತ್ತೊಂದನೆಯ ದಿನ ಊಟ ಮುಗಿಸಿ ಕಂಬಕ್ಕೆ ಒರಗಿದವಳಿಗೆ ಜೊಂಪು ಹತ್ತಿತು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಗುಡಿಸುವವರ ಮೇಲ್ವಿಚಾರಕ ಪಾಪಯ್ಯ ಬಂದು ನಿಂತಿದ್ದ.

"ಏನಮ್ಮೋ, ಇಂಗೆ ಒರಗಕ್ಕೆ ಇದೇನು ನಿಮ್ಮಪ್ಪನ ಮನೆ ಜಗಲೀನಾ? ಎರಡು ಸಲ ನಿನ್ನೆಸ್ರು ಬರ್ದಾಯ್ತು. ಇದು ಮೂರನೇದು. ನಾಳೆ ಸಂಜೆ ಕೆಲಸ ಬಿಡೋ ಕಾಗದಕ್ಕೆ ಸೈನ್ ಆಕು, ನಾಡಿದ್ದಿಂದ ಬರ್ಬ್ಯಾಡ."

"ಯಣ್ಣಾ, ಮುಂಜಾನಿಂದ ಕುಂತಿಲ್ಲೋ."

"ಎಲ್ರೂ ಇದನ್ನೇ ಏಳೋದು. ನೀನು ನಡ್ದಿದ್ದು ನೋಡ್ದೋರು ಯಾರು?"

ಮರುದಿನ ಮೂರನೇ ಮಹಡಿಯ ಹಾಲ್‌ನಲ್ಲಿ ಬಹುಮಾನದ ಸಭೆ. ಚೆಲ್ಲಿದ ಕಾಫಿ ಒರೆಸಲು ಹೊಳೆವ್ವ ಹಿಂದೆ ಬಕೆಟ್ಟು ಹಿಡಿದು ನಿಂತಿದ್ದಳು. ಬಹುಮಾನ ಹಂಚುತ್ತಿದ್ದ ಆಫೀಸಿನ ಸೌಮ್ಯ ಮೇಡಂ ಮೈಕಿನಲ್ಲಿ ಹೇಳಿದರು: "ಮೊದಲ ಬಹುಮಾನ ನಮ್ಮ ಮುರಳಿಗೆ! ದಿನಕ್ಕೆ ಇಪ್ಪತ್ಮೂರು ಸಾವಿರ ಹೆಜ್ಜೆ. ಆದ್ರೆ ನಿದ್ದೆ ಬರೀ ನಾಲ್ಕು ಗಂಟೆ. ದಿನಾ ಮೂರಕ್ಕೇ ಎದ್ದುಬಿಡ್ತಾರೆ. ಹೀಗಾದ್ರೆ ಆರೋಗ್ಯ ಕೆಡುತ್ತೆ ಅಂದಿದ್ದಾರೆ ಡಾಕ್ಟ್ರು. ಅದಕ್ಕೆ ಒಂದು ವಾರ ರಜೆ, ಸಂಬಳ ಸಮೇತ."

ಚಪ್ಪಾಳೆ ಬಿತ್ತು. "ಮೂರಕ್ಕೆ ಎದ್ದು ಏನ್ ಮಾಡ್ತೀಯ ಗುರು?" ಎಂದು ಯಾರೋ ಕಿಚಾಯಿಸಿದರು. "ಧ್ಯಾನ ಮಗಾ" ಎಂದ ಮುರಳಿ.

ಹೊಳೆವ್ವನಿಗೆ ಮೈಯೆಲ್ಲ ಉರಿದುಹೋಯಿತು. ಮೂರಕ್ಕೆ ಎದ್ದವರು ಯಾರು, ಕೊಡ ಹೊತ್ತವರು ಯಾರು? ಅದೇ ನಾಲ್ಕು ಗಂಟೆಯ ನಿದ್ದೆಗೆ ಅವನಿಗೆ ರಜೆ, ಅವಳಿಗೆ ಗೇಟು! ಎಲ್ಲವನ್ನೂ ಬಲ್ಲ ದೇವರು ಇದನ್ನೂ ನೋಡುತ್ತಿದ್ದಾನಲ್ಲ ಎಂದುಕೊಂಡಳು. ದೇವರು ನೋಡಿದರೆ ಸಾಲದು, ಪಾಪಯ್ಯನೂ ನೋಡಬೇಕಿತ್ತು.

ಸಭೆ ಮುಗಿದ ಮೇಲೆ ಮುರಳಿಯ ಮೇಜಿಗೆ ಹೋದಳು.

"ಸಾಹೇಬ್ರ, ಧ್ಯಾನ ಹ್ಯಾಂಗ್ ನಡದೈತ್ರಿ?"

ಅವನ ಮುಖ ಕಪ್ಪಿಟ್ಟಿತು. "ಮೆಲ್ಲಗೆ ಅಕ್ಕ, ಮೆಲ್ಲಗೆ."

"ಮೂರನೇ ಸಲ ನನ್ನ ಹೆಸರು ಬರದಾರ. ಇವತ್ತ ಸೈನ್ ಹಾಕಿದ್ರ ಕೆಲಸ ಹೋಗ್ತೈತಿ. ಈ ಬ್ಯಾಂಡ್ ಇಪ್ಪತ್ತೊಂದು ದಿನ ಹೊಳೆವ್ವನ ಕೈಯಾಗ ಇತ್ತು ಅಂತ ಪಾಪಯ್ಯಗ ಒಂದ್ ಮಾತ್ ಹೇಳ್ರಿ. ನಿಮ್ಮ ಬಹುಮಾನ ನನಗ ಬ್ಯಾಡ."

"ಅದೊಂದು ಆಗಲ್ಲ ಅಕ್ಕ, ನನ್ನ ಮಾನ ಹೋಗುತ್ತೆ. ಬೇರೆ ಏನಾದ್ರೂ ಮಾಡ್ತೀನಿ. ಕ್ಯಾಂಟೀನ್‌ನಲ್ಲಿ ತರಕಾರಿ ಹೆಚ್ಚೋ ಕೆಲಸ ಖಾಲಿ ಇದೆ. ಕೂತ್ಕೊಂಡು ಮಾಡೋದು, ಕಾಲಿಗೆ ಆರಾಮ. ಈಗ್ಲೇ ಫೋನ್ ಮಾಡಿದ್ರೆ ನಾಳೆಯಿಂದಾನೇ ಬರಬಹುದು. ಈ ವಿಷಯ ಮಾತ್ರ ಇಲ್ಲಿಗೇ ಬಿಟ್ಬಿಡಿ."

ಕೂತು ಮಾಡುವ ಕೆಲಸ! ಆರು ವರ್ಷದಿಂದ ಮೊಣಕಾಲುಗಳು ಬೇಡುತ್ತಿದ್ದದ್ದು ಅದನ್ನೇ.

ಹೊಳೆವ್ವ ಬಳೆ ಸರಿಸಿ ಬ್ಯಾಂಡು ಬಿಚ್ಚಿದಳು. ಮಣಿಕಟ್ಟಿನಲ್ಲಿ ಅದರ ಅಚ್ಚು ಬಿದ್ದಿತ್ತು. ಆ ಅಚ್ಚನ್ನು ಒಮ್ಮೆ ಸವರಿ, ಬ್ಯಾಂಡನ್ನು ಅವನ ಬಹುಮಾನದ ಡಬ್ಬಿಯ ಮೇಲಿಟ್ಟಳು.

"ಮುಚ್ಕೊಂಡು ಕುಂಡ್ರಾಕ ಕೊಡೂ ಕುರ್ಚಿ ನನಗ ಬ್ಯಾಡ್ರಿ" ಎಂದಳು. "ನನ್ನ ಸಲುವಾಗಿ ಯಾರಿಗೂ ಫೋನ್ ಮಾಡೂದ್ ಬ್ಯಾಡ್ರಿ. ಇದ್ದದ್ದ ಹೇಳಾಕ ಪಾಪಯ್ಯನ ಖೋಲಿತನಕ ನನಗ ನಡಿಯಾಕ ಬರ್ತೈತಿ."