ಅವ್ವನ ಚಂಚಿಯಲ್ಲಿದ್ದ ಬಟನ್ ಫೋನು

ಸೊಲ್ಲಾಪುರ–ಅಕ್ಕಲಕೋಟ ಬಸ್ಸಿನಲ್ಲಿ ನಾನು ಲೇಡಿ ಕಂಡಕ್ಟರ್. ನನ್ನ ಅವ್ವ ಪವರ್‌ಲೂಮ್ ಶೆಡ್ಡಿನಲ್ಲಿ ಟವೆಲ್ ಮಗ್ಗಗಳ ನಡುವೆ ವಯಸ್ಸು ಕಳೆದವಳು. ಅಲ್ಲಿಂದ ಪಗಾರ ತಂದಳು, ಕಿವಿಯನ್ನು ಅಲ್ಲೇ ಬಿಟ್ಟು ಬಂದಳು. ಈಗ ತುಟಿ ನೋಡಿ, ಕೈಸನ್ನೆ ನೋಡಿ ಮಾತು ತಿಳಿಯುತ್ತಾಳೆ. ಅದು ಮಗ್ಗದವರ ವಿದ್ಯೆ. ಆ ಗದ್ದಲದೊಳಗೆ ಕಿವಿ ನೆಟ್ಟಗಿದ್ದವರೂ ಹಾಗೆಯೇ ಮಾತಾಡುತ್ತಾರೆ.

ಇಂಥ ಅವ್ವನ ಹತ್ತಿರ ಫೋನು ಇತ್ತು ಎಂದರೆ ಜನ ನಗುತ್ತಾರೆ. ನಗಲಿ ಬಿಡಿ. ಅದು ಬೆರಳುದ್ದದ ಬಟನ್ ಫೋನು. ಎಲೆಅಡಿಕೆಯ ಚಂಚಿಯೊಳಗೆ ಇಟ್ಟು, ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ನಾನು ಫೋನು ಮಾಡಿದರೆ ಅದು ನಡುಗುತ್ತದೆ, ಅವಳ ಹೊಟ್ಟೆಗೆ ಗೊತ್ತಾಗುತ್ತದೆ. ಒಂದು ಮಿಸ್ಡ್ ಕಾಲ್ ಅಂದರೆ ಡ್ಯೂಟಿಗೆ ಮುಟ್ಟಿದೆ. ಎರಡು ಅಂದರೆ ಕಡೆಯ ಟ್ರಿಪ್ ಹೊರಟಿತು, ರೊಟ್ಟಿಗೆ ಹಂಚಿಡು. ಮೂರು ಅಂದರೆ ಇವತ್ತು ಬರುವುದಿಲ್ಲ. ಅವಳು ಊರಿಗೆ ಹೋದಾಗ ಹಸಿರು ಗುಂಡಿ ಒತ್ತಿ ನನಗೊಂದು ಕೊಡುತ್ತಿದ್ದಳು, ಮುಟ್ಟಿದೆ ಅಂತ.

ಒಂದು ಕಾಲಕ್ಕೆ ನಮ್ಮ ಕಡೆ ಮನೆಮನೆಗೂ ಇಂಥದೊಂದು ಕರಾರು ಇತ್ತು. ತಿಳಿಯದೆ ಯಾರಾದರೂ ಫೋನ್ ಎತ್ತಿದರೋ, "ಯಾಕ ಎತ್ತಿದಿ, ಖಬರ್ ಇಲ್ಲೇನ್ ನಿನಗ?" ಎಂದು ಬೈಸಿಕೊಳ್ಳಬೇಕಿತ್ತು. ಈಗ ಮಾತು ಪುಕ್ಕಟೆ. ನನ್ನ ಬಸ್ಸಿನಲ್ಲಿ ಸೊಲ್ಲಾಪುರ ಸ್ಟ್ಯಾಂಡಿನಲ್ಲಿ ಹಲೋ ಅಂದವರು ಅಕ್ಕಲಕೋಟ ಬಂದರೂ ಇಡುವುದಿಲ್ಲ. ಟಿಕೆಟ್ ಕೇಳಿದರೆ ನನಗೇ ಸುಮ್ಮನಿರು ಎಂದು ಕೈ ತೋರಿಸುತ್ತಾರೆ. ಮಿಸ್ಡ್ ಕಾಲ್ ಕೊಡುವವರು ಈ ಜಿಲ್ಲೆಯಲ್ಲಿ ನಾವಿಬ್ಬರೇ ಉಳಿದಿದ್ದೆವೋ ಏನೋ.

ಅಕ್ಕಲಕೋಟದಾಚೆ ವಾಗದರಿಯಲ್ಲಿ ಅವ್ವನಿಗೆ ತವರಿನಿಂದ ಬಂದ ಅರ್ಧ ಎಕರೆ ಹೊಲವಿದೆ. ಪ್ರತಿ ಸೋಮವಾರ ಒಬ್ಬಳೇ ಹೋಗುತ್ತಾಳೆ. ಮೆಂತ್ಯ, ಪುಂಡಿ, ಹಕ್ಕರಿಕೆ ಸೊಪ್ಪು ಕಿತ್ತು, ಮಂಗಳವಾರ ಗಂಟು ಹೊತ್ತು ಬಂದು ನಮ್ಮ ಓಣಿಯಲ್ಲಿ ಮಾರುತ್ತಾಳೆ. ಮಗ್ಗ ಬಿಟ್ಟ ಮೇಲೆ ಅವಳದು ಎನ್ನುವುದು ಅದೊಂದೇ.

ಹೀಗಿರುವಾಗ ಈ ವರ್ಷ ಫೋನಿಗೆ ಮರಾಠಿಯಲ್ಲಿ ಒಂದು ಮೆಸೇಜು ಬಂತು. ಹಳೆಯ ಸಿಮ್ ಬಂದ್ ಆಗುತ್ತದೆ, ಹೊಸದು ಹಾಕಿಸಿಕೊಳ್ಳಿ. ಹೊಸ ಸಿಮ್ಮು ಆ ಬಟನ್ ಫೋನಿನಲ್ಲಿ ಓಡುವುದಿಲ್ಲ. ನವಿ ಪೇಠದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಅಣ್ಣ ಅವತ್ತೇ ಸಂಜೆ ಬಂದು ಅವ್ವನ ಮುಂದೆ ಕುಳಿತ. ಅವಳಿಗೆ ತಿಳಿಯಲಿ ಎಂದು ತುಟಿ ಅಗಲಿಸಿ ನಿಧಾನಕ್ಕೆ ಹೇಳಿದ.

"ಫೋನ್ ಇಲ್ದ ಇನ್ನ ವಾಗದರಿ ಬಂದ್. ಕಿವಿ ಕೇಳಂಗಿಲ್ಲ, ದಾರ್ಯಾಗ ಏನರ ಆದ್ರ ನಮಗ ಹೆಂಗ ಗೊತ್ತಾಗಬೇಕು?"

"ಸೋಮವಾರ ನಾ ಹೋಗಾಕಿ" ಎಂದಳು ಅವ್ವ.

ಅವ್ವ ಹಿಡಿದ ಮೊಲಕ್ಕೆ ಮೂರೇ ಕಾಲು. ಅಣ್ಣ ಹಿಡಿದದ್ದಕ್ಕೂ ಅಷ್ಟೇ. ದೊಡ್ಡ ಗಾಜಿನ ಫೋನು ತರುತ್ತೇನೆ, ವಿಡಿಯೋದಲ್ಲಿ ಮುಖ ನೋಡಿ ಮಾತಾಡಬಹುದು ಎಂದ. ತನ್ನದನ್ನೇ ಕೈಗೆ ಕೊಟ್ಟು ತೋರಿಸಿದ. ಅವ್ವ ಅದನ್ನು ಬಿಸಿ ತಾಟಿನ ಹಾಗೆ ಎರಡೂ ಕೈಯಲ್ಲಿ ಹಿಡಿದಳು. "ಇದನ್ನ ನೋಡ್ಕೋತ ಕುಂತ್ರ ಪಲ್ಯ ಯಾರ ಕೀಳ್ತಾರ? ನಿಮ್ಮ ಅಪ್ಪ ಬಂದು ಕೀಳ್ತಾನ?" ಅಪ್ಪ ತೀರಿ ಹೋಗಿ ಬಹಳ ವರ್ಷವಾಗಿದೆ. ಅಣ್ಣ ತನ್ನ ಫೋನನ್ನು ಜೇಬಿಗಿಟ್ಟುಕೊಂಡ. ಆದರೆ ಫೋನಿಲ್ಲದೆ ಕಳಿಸುವುದಿಲ್ಲ ಎನ್ನುವುದನ್ನು ಮಾತ್ರ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಆಗ ನಾನೂ ಅವನ ಕಡೆಯೇ ಇದ್ದೆ. ಚಂಚಿಯಲ್ಲಿ ಇಡಬಹುದಾದ, ಗಟ್ಟಿಯಾಗಿ ನಡುಗುವ ಹೊಸ ಬಟನ್ ಫೋನು ಎಲ್ಲಿದ್ದರೂ ಹುಡುಕಿಯೇ ತೀರಬೇಕು ಎಂದು ನಿರ್ಧಾರ ಮಾಡಿದೆ.

ರಜೆಯ ದಿನ ಅವ್ವನನ್ನು ಕರೆದುಕೊಂಡು ನವಿ ಪೇಠದ ಮೊಬೈಲ್ ಅಂಗಡಿಗಳನ್ನೆಲ್ಲ ಸುತ್ತಿದೆ. ಒಂದರಲ್ಲಿ ಬಟನ್ ಫೋನೇ ಇಲ್ಲ. ಇನ್ನೊಂದರಲ್ಲಿ ಇದೆ, ನಡುಗುವುದಿಲ್ಲ. ಮೂಲೆಯ ಒಂದು ಸಣ್ಣ ಅಂಗಡಿಯವನಿಗೆ ಮಾತ್ರ ನಮ್ಮ ಕಷ್ಟ ತಿಳಿಯಿತು. "ಬರ್ರಿ ಮಾವಶಿ, ಪರೀಕ್ಷಾ ಮಾಡೂಣು" ಎಂದು ಇದ್ದಬದ್ದ ಬಟನ್ ಫೋನುಗಳನ್ನೆಲ್ಲ ಹೊರಗೆ ತೆಗೆದ.

ಪರೀಕ್ಷೆ ಹೀಗೆ. ಅಂಗಡಿಯವನು ತನ್ನ ಸಿಮ್ ಹಾಕಿಕೊಟ್ಟ ಒಂದೊಂದೇ ಫೋನನ್ನು ಚಂಚಿಯಲ್ಲಿ ಹಾಕಿಕೊಂಡು ಅವ್ವ ನಮಗೆ ಬೆನ್ನು ಮಾಡಿ ರಸ್ತೆಯ ಕಡೆ ನಿಲ್ಲಬೇಕು. ನಾನು ಒಳಗಿನಿಂದ ಮಿಸ್ಡ್ ಕಾಲ್ ಕೊಡಬೇಕು. ನಡುಗಿದ್ದು ಗೊತ್ತಾದರೆ ಅವಳು ಕೈ ಎತ್ತಬೇಕು. ಮೊದಲನೆಯದಕ್ಕೆ ಕೈ ಏಳಲಿಲ್ಲ. ಎರಡನೆಯದಕ್ಕೂ ಇಲ್ಲ, ಉಳಿದ ಯಾವುದಕ್ಕೂ ಇಲ್ಲ. ಪಕ್ಕದ ಸೀರೆ ಅಂಗಡಿಗೆ ಬಂದ ಹೆಂಗಸರು ನಿಂತು ನೋಡತೊಡಗಿದರು. ಅವ್ವ ಹಾಲಿನ ಸರದಿಯಲ್ಲಿ ನಿಂತವಳಂತೆ ನೆಟ್ಟಗೆ ನಿಂತಿದ್ದಳು.

ಕಡೆಗೆ ಅಂಗಡಿಯವನು, "ಅಕ್ಕಾರ, ಮೊದಲ ಹಳೇದ ಒಂದಸಲ ಹಚ್ಚಿ ನೋಡ್ರಿ. ಮಾವಶಿಗಿ ಎಷ್ಟ ಜೋರ ಬೇಕ ಅನ್ನೂದರ ತಿಳೀಲಿ" ಎಂದ. ಹಳೆಯ ಸಿಮ್ಮಿಗೆ ಇನ್ನೂ ನಾಲ್ಕು ದಿನದ ಜೀವ ಇತ್ತು. ಅವ್ವನ ಸೊಂಟಕ್ಕೆ ಅವಳದೇ ಫೋನು ಹೋಯಿತು. ನಾನು ಹಚ್ಚಿದೆ. ಕೈ ಏಳಲಿಲ್ಲ. ಮತ್ತೆ ಹಚ್ಚಿದೆ. ರಿಂಗಿನ ಹಾಡು ನನಗೂ ಕೇಳುತ್ತಿತ್ತು, ಆ ಹೆಂಗಸರಿಗೂ ಕೇಳುತ್ತಿತ್ತು. ಅವ್ವ ರಿಕ್ಷಾ ನೋಡುತ್ತಾ ನಿಂತಿದ್ದಳು.

ಅಂಗಡಿಯವನು ಫೋನನ್ನು ತೆಗೆದುಕೊಂಡು ಹಿಂದಿನ ಮುಚ್ಚಳ ಬಿಚ್ಚಿದ. ಒಳಗೆಲ್ಲ ಎಲೆಗೆ ಹಚ್ಚುವ ಸುಣ್ಣ, ತುಕ್ಕು. "ಇದು ನಡಗೂದ ಬಿಟ್ಟು ಭಾಳ ದಿನ ಆಗ್ಯಾದರಿ."

ನಾನು ಅವ್ವನನ್ನು ನನ್ನ ಕಡೆ ತಿರುಗಿಸಿಕೊಂಡೆ. ಏನು ಗೊತ್ತಾಗಿದೆ ಎಂದು ಅವಳಿಗೆ ನನ್ನ ಮುಖದಲ್ಲೇ ತಿಳಿಯಿತು. "ಎರಡ ಬ್ಯಾಸಗಿ ಆತು" ಎಂದಳು, ತುಸು ನಕ್ಕಳು.

ನನಗೆ ಸಿಟ್ಟು ನೆತ್ತಿಗೇರಿತು. ಎರಡು ಬೇಸಿಗೆ ನಾನು ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು, ಒಂದು ಕೈಯಲ್ಲಿ ಟಿಕೆಟ್ ಮಷೀನು ಹಿಡಿದು, ಒಂದು ಸುಣ್ಣದ ಡಬ್ಬಿಗೆ ಮಿಸ್ಡ್ ಕಾಲ್ ಕೊಟ್ಟಿದ್ದೆನೇ? "ಮತ್ತ ನಾ ಬರೂದ್ರಾಗ ರೊಟ್ಟಿ ಬಿಸಿ ಹೆಂಗ ಇರತಿತ್ತು?" ಎಂದು ಕೇಳಿದೆ.

"ಎದರ ಮನ್ಯಾಗ ಸೀರಿಯಲ್ ಮುಗದು ಟಿವಿ ಆರತದಲ್ಲ, ಆಗ ಹಂಚಿಡ್ತೀನಿ. ನೀ ಬರತಿ."

ಬಸ್ಸು ಕೆಟ್ಟು ನಾನು ಅಕ್ಕಲಕೋಟದಲ್ಲೇ ಉಳಿದ ಒಂದು ದಿನ ಥಟ್ಟನೆ ನೆನಪಾಯಿತು. ಮೂರು ಮಿಸ್ಡ್ ಕಾಲ್ ಕೊಟ್ಟು ನೆಮ್ಮದಿಯಿಂದ ಮಲಗಿದ್ದೆ. ಬೆಳಿಗ್ಗೆ ಬಂದಾಗ ರೊಟ್ಟಿ ಬಟ್ಟೆಯಲ್ಲಿ ಹಾಗೇ ಇದ್ದವು, ಅವ್ವನ ಕಣ್ಣು ಕೆಂಪಾಗಿದ್ದವು. "ಉಂಡಿ?" ಎಂದಷ್ಟೇ ಕೇಳಿದ್ದಳು.

"ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ನೀವಿಬ್ಬರೂ ನನ್ನ ಮನ್ಯಾಗ ಕುಂಡರಸ್ತಿದ್ರಿ."

ಅಂಗಡಿಯವನು ಎರಡೂ ಕೈ ಕಟ್ಟಿಕೊಂಡು ಕೆಳಗೆ ನೋಡುತ್ತಿದ್ದ. "ಯಾವ ಫೋನೂ ಬ್ಯಾಡ, ನಡಿ" ಎಂದಳು ಅವ್ವ. ಏನೂ ಕೊಳ್ಳದೆ ಬಂದೆವು. ರಿಕ್ಷಾದಲ್ಲಿ ನಾನು ಅವ್ವನ ಕಡೆ ಮುಖ ಮಾಡಲಿಲ್ಲ. ಅವಳು ಹೇಳಿದ್ದು ಸುಳ್ಳಲ್ಲ. ಖಂಡಿತ ಕೂರಿಸುತ್ತಿದ್ದೆವು. ಅದೂ ಪ್ರೀತಿಯಿಂದಲೇ ಕೂರಿಸುತ್ತಿದ್ದೆವು. ಓಣಿ ಬರುವಷ್ಟರಲ್ಲಿ ನಾನು ಅವಳ ಪಕ್ಷಕ್ಕೆ ಬಂದಿದ್ದೆ.

ಸಂಜೆ ಅಣ್ಣನಿಗೆ ಎಲ್ಲ ಹೇಳಿದೆ. ಅವನ ಮುಖ ಸಪ್ಪಗಾಯಿತು. "ದೇವರ ಕಾದಾನ ಇಷ್ಟ ದಿನ" ಎಂದ.

ಅವ್ವ ಅವನ ತುಟಿ ನೋಡುತ್ತಿದ್ದಳು. "ದೇವರಿಗಿ ಬ್ಯಾರೆ ಕೆಲಸ ಇಲ್ಲೇನು? ಕಿವಿ ಹೋಗ್ಯಾವ, ಕಣ್ಣ ಅವ. ನಾ ನೋಡ್ಕೋತ ಹೋಗೀನಿ, ನೋಡ್ಕೋತ ಬಂದೀನಿ."

"ಸೋಮವಾರ ಅವ್ವ ಹೋಗ್ತಾಳ" ಎಂದೆ ನಾನು. "ಅಕ್ಕಲಕೋಟ ತನಕ ನನ್ನ ಬಸ್ಸು. ಮುಂದ ಆಕಿ ದಾರಿ ಆಕಿಗಿ ಗೊತ್ತದ."

ಹೋಗುವಾಗ ಅಣ್ಣ ಅವ್ವನ ಕೈಗೆ ಬಾಳೆಹಣ್ಣಿನ ಚೀಲ ಕೊಟ್ಟು, ದಾರಿಗೆ ಇರಲಿ ಎಂದು ಕೈಸನ್ನೆ ಮಾಡಿದ.

ಸೋಮವಾರ ಅವ್ವ ಕುಡುಗೋಲು, ಖಾಲಿ ಗೋಣಿಚೀಲ ತೆಗೆದುಕೊಂಡು ನನ್ನ ಬಸ್ಸಿಗೆ ಬಂದಳು. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಇಳಿದು ಸೀಟು ತುಂಬಿದರೆ ಹೊರಡುವ ವಾಗದರಿಯ ವಡಾಪ್ ಜೀಪು ನಿಲ್ಲುವ ಕಡೆ ನಡೆದಳು. ಅವಳು ಮುಟ್ಟಿದಳೋ ಇಲ್ಲವೋ ನನಗೆ ತಿಳಿಯುವುದು ಇನ್ನು ಮಂಗಳವಾರವೇ, ಅವಳು ಬಾಗಿಲಿಗೆ ಬಂದಮೇಲೆ. ನನಗೆ ಹೆದರಿಕೆ ಇತ್ತು. ಇಲ್ಲ ಎಂದು ಯಾಕೆ ಹೇಳಲಿ?

ನನ್ನ ಡ್ರೈವರಿಗೆ ಅವ್ವನ ವಿಷಯ ಗೊತ್ತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ. "ಕಿವಿ ಕೇಳಂಗಿಲ್ಲ, ಫೋನೂ ಇಲ್ಲ ಅಂತೀರಿ. ಒಬ್ಬಾಕಿನ್ನ ಹೆಂಗ ಬಿಡ್ತೀರಿ ಅಕ್ಕಾರ?"

"ಬಿಡಾಕ ನಾವ್ಯಾರರಿ?" ಎಂದೆ. "ಆಕಿ ಹೋಗ್ತಾಳ."

ಅವ್ವ ಆಗಲೇ ಒಬ್ಬ ಗಂಡಸನ್ನು ಆಚೆ ಸರಿಸಿ, ಗೋಣಿಚೀಲ ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಕುಳಿತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.