ಬಿಸಿಯಲ್ಲಿ ಓದಿದ ಅಂಕಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅಂಗಡಿಗಳಿನ್ನೂ ಬಾಗಿಲು ತೆರೆದಿಲ್ಲ. ಎಣ್ಣೆ ಮಂಡಿಯ ಹಿಂದಿನ ಕೋಣೆಯಲ್ಲಿ ಷಡಕ್ಷರಪ್ಪ ಇದ್ದಿಲ ಒಲೆಯ ಮುಂದೆ ಕೂತು, ಉದ್ದ ಕೊರಳಿನ ಗಾಜಿನ ಬುರುಡೆಯನ್ನು ಬಿಸಿನೀರಲ್ಲಿಟ್ಟು ಕುಲುಕುತ್ತಿದ್ದಾರೆ. ಹನ್ನೆರಡು ವರ್ಷದಿಂದ ಇದನ್ನೇ ಮಾಡುತ್ತಾ ಬಂದಿದ್ದಾರೆ.

ಮಜ್ಜಿಗೆ ಹುಲ್ಲಿನ ಎಣ್ಣೆಗೆ ನಿಂಬೆಯ ಪರಿಮಳ ಕೊಡುವ ಸಿಟ್ರಾಲ್ ಎಷ್ಟಿದೆಯೆಂದು ಅಳೆಯುವುದು, ಹಿಂದೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಇವರ ಕೆಲಸ. ಹತ್ತು ಮಿಲಿಲೀಟರ್ ಎಣ್ಣೆಗೆ ಬೈಸಲ್ಫೈಟ್ ಎಂಬ ಉಪ್ಪಿನ ದ್ರಾವಣ ಬೆರೆಸಿದರೆ ಸಿಟ್ರಾಲ್ ಅದರಲ್ಲಿ ಕರಗುತ್ತದೆ. ಕರಗದ ಎಣ್ಣೆ ಬುರುಡೆಯ ಕೊರಳಿಗೇರಿ ನಿಲ್ಲುತ್ತದೆ. ಹಾಗೆ ಎರಡೂವರೆ ಮಿಲಿಲೀಟರ್ ಉಳಿದರೆ ಸಿಟ್ರಾಲ್ ನೂರಕ್ಕೆ ಎಪ್ಪತ್ತೈದು. ಅದಕ್ಕಿಂತ ಕಡಿಮೆಯ ಸರಕನ್ನು ಬೊಂಬಾಯಿಯವರು ಮೂಸಿಯೂ ನೋಡುವುದಿಲ್ಲ. ದಿನಕ್ಕೆ ನಾಲ್ಕು ಮಾದರಿ ಸೀಸೆ, ಒಂದೊಂದಕ್ಕೆ ಎರಡು ಗಂಟೆ. "ಸೀಸೆ ಮೇಲೆ ನಂಬರಿರುತ್ತೆ, ಹೆಸರಿರಲ್ಲ. ಯಾರದು ಅಂತ ನಾನು ಕೇಳೋದೂ ಇಲ್ಲ," ಎನ್ನುತ್ತಾರೆ.

ನಿನ್ನೆ ಮಾತ್ರ ಹೆಸರು ತಾನಾಗಿಯೇ ಬಂತು. ಒಂದು ಸೀಸೆಯಲ್ಲಿ ಎಪ್ಪತ್ನಾಲ್ಕು ಬಂದಿದ್ದೇ ತಡ, ಮಂಡಿಯ ಯಜಮಾನ ಪರಮೇಶ್ವರಪ್ಪ ಮೂರು ಪೀಪಾಯಿಗಳನ್ನು ಬದಿಗೆ ಉರುಳಿಸಿದರು. ಅವು ಶಿವಮೊಗ್ಗದ ನವುಲೆಯ ಹೂವಪ್ಪನವು. ಸಂಜೆಯೊಳಗೆ ಪೇಟೆಯ ಬಾಯಿಗೆ ಬೀಗವೇ ಇಲ್ಲ: ಹೂವಪ್ಪ ಸೀಮೆಎಣ್ಣೆ ಬೆರೆಸಿದ್ದಾನಂತೆ! "ನಾನೇ ಭಟ್ಟಿ ಇಳಿಸಿದ ಎಣ್ಣೆಗೆ ನಾನೇ ಕಲಬೆರಕೆ ಮಾಡ್ತೀನಾ ಮಾರಾಯ್ರೆ?" ಎಂದ ಆತ, ಕಣ್ಣೊರೆಸಿಕೊಂಡು ಬಸ್ಸು ಹತ್ತಿದ.

"ಊಟಕ್ಕೆ ಕೂತಾಗ ನೆನಪಾಯ್ತು," ಎನ್ನುತ್ತಾರೆ ಷಡಕ್ಷರಪ್ಪ. "ನಿನ್ನೆ ಹೊರಗೆ ಲಾರಿಯವನು ಹಾರನ್ ಹೊಡೀತಿದ್ದ, ಅವಸರ ಆಯ್ತು. ನಾನು ಓದಿದಾಗ ಕೊರಳು ಬಿಸಿ ಇತ್ತು. ಬಿಸಿ ಎಣ್ಣೆ ಉಬ್ಬುತ್ತೆ, ಉಳಿದಿದ್ದು ಜಾಸ್ತಿ ಕಾಣುತ್ತೆ. ತಣ್ಣಗಾಗೋವರೆಗೆ ಕಾಯಬೇಕಿತ್ತು."

ಪ್ರತಿ ಸರಕಿನಲ್ಲೂ ಅರ್ಧ ಸೀಸೆಯನ್ನು ಅರಗಿನ ಮುದ್ರೆ ಹಾಕಿ ಎತ್ತಿಡುವುದು ಮಂಡಿಯ ರೂಢಿ. ಹೂವಪ್ಪನ ಸರಕಿನ ಆ ಮುದ್ರೆಯನ್ನು ಅವರೀಗ ಒಡೆದಿದ್ದಾರೆ. ಬೊಂಬಾಯಿಯ ಲಾರಿ ಇವತ್ತು ಒಂಬತ್ತಕ್ಕೆ ಹೊರಡುತ್ತದೆ, ಅವನ ಪೀಪಾಯಿಗಳನ್ನು ಬಿಟ್ಟು. ಆಮೇಲೆ ಅಂಕಿ ಏನೇ ಬಂದರೂ ಹೂವಪ್ಪನ ಹೆಸರಿಗೆ ಹತ್ತಿದ ಮಸಿ ಹೋಗುವುದಿಲ್ಲ. ಅಂಕಿ ಬದಲಾದರೆ ಷಡಕ್ಷರಪ್ಪನ ಮಾತಿಗೇ ಕುತ್ತು.

ಬುರುಡೆ ತಣ್ಣಗಾಗಲು ಬಿಟ್ಟು ಗೋಡೆಗೆ ಒರಗುತ್ತಾರೆ. ಎರಡು ಪಾಯಿಂಟ್ ಆರು. ಎದ್ದು ಅಡ್ಡಾಡುತ್ತಾರೆ. ಮತ್ತೆ ನೋಡುತ್ತಾರೆ, ಒಂದು ಕೂದಲೆಳೆ ಇಳಿದಿದೆ. ಎಂಟೂ ಇಪ್ಪತ್ತಕ್ಕೆ ಕೊರಳು ಮುಟ್ಟಿದರೆ ತಣ್ಣಗಿದೆ. ಎರಡೂವರೆ, ಅಂದರೆ ಪೂರಾ ಎಪ್ಪತ್ತೈದು.

ಪರಮೇಶ್ವರಪ್ಪ ಬಂದು ನೋಡಿ ದನಿ ತಗ್ಗಿಸುತ್ತಾರೆ: "ನಿನ್ನೆಯ ಸೀಸೆ ಕೆಟ್ಟಿತ್ತು, ಎರಡನೇದು ಚೆನ್ನಾಗಿತ್ತು ಅಂತ ಬರೀರಿ. ಬೊಂಬಾಯಿಯವರಿಗೆ ನಿಮ್ಮ ತಪ್ಪು ಗೊತ್ತಾದ್ರೆ ಇನ್ನು ನಿಮ್ಮ ರುಜು ನಂಬಲ್ಲ."

ಷಡಕ್ಷರಪ್ಪ ವರದಿಯ ಹಾಳೆ ಎಳೆದುಕೊಂಡು ಬರೆಯುತ್ತಾರೆ: ನಿನ್ನೆಯ ಅಂಕಿ ತಪ್ಪು, ಬಿಸಿಯಿದ್ದಾಗ ಓದಿದ್ದೆ. ಕೆಳಗೆ ರುಜು ಹಾಕುತ್ತಾರೆ.

"ನಾಳೆ ನನ್ನ ಹತ್ರ ಸೀಸೆ ಬರುತ್ತೋ ಇಲ್ವೋ, ಹೆದರಿಕೆ ಇದೆ," ಎನ್ನುತ್ತಾರೆ, ಹೂವಪ್ಪನ ಪೀಪಾಯಿಗಳು ಲಾರಿಗೇರುವುದನ್ನು ನೋಡುತ್ತಾ. "ಬರದಿದ್ರೂ ಸರಿ. ಪೇಟೇಲಿ ಹೂವಪ್ಪ ತಲೆ ಎತ್ತಿ ನಡೀಬೇಕು, ಅಷ್ಟೇ."